ಮರೆವಿನ ಹೊಣೆ ಯಾರದು?

“ಮುದುಕನಾದೆ, ನಿನಗೆ ತಿಳಿಯದು” ಎಂದು ಯಶವಂತಪುರ ಮಾರ್ಕೆಟ್ ಯಾರ್ಡಿನ ಹಮಾಲರನ್ನು ಗದರಿಸುವ ಮಹಾಶಯರೇ, ಡಾಕ್ಟರ ಚೀಟಿ ಇಂಗ್ಲಿಷು, ಮಾತ್ರೆಯ ಮೇಲಿನ ಅಕ್ಷರವೂ ಇಂಗ್ಲಿಷು. ಆತನಿಗೆ ತಿಳಿಯುವುದಾದರೂ ಹೇಗೆ? ಇದು ಮುಪ್ಪಿನ ದೋಷವೆ?

ನಿಜವಾದ ಮರೆವಿನ ರೋಗವೂ ಬರಿಯ ಹಣೆಬರಹವಲ್ಲ. ಅದರ ಅಪಾಯ ಹೆಚ್ಚಿಸುವ, ಆದರೆ ನಾವು ಬದಲಿಸಬಲ್ಲ 14 ಸಂಗತಿಗಳನ್ನು ಲ್ಯಾನ್ಸೆಟ್ ವೈದ್ಯಪತ್ರಿಕೆಯ ಆಯೋಗ 2024ರಲ್ಲಿ ಹೆಸರಿಸಿತು. ಎಳವೆಯಲ್ಲಿ ಓದು ತಪ್ಪಿದ್ದು, ಕಿವಿ ಮಂದವಾದದ್ದು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಅದರಲ್ಲಿವೆ. ಸ್ಲೇಟು ಬಿಟ್ಟು ಮೂಟೆ ಹೊತ್ತವರು ಯಾರು? ಮಿಲ್ಲಿನ ಮಗ್ಗಗಳ ಅಬ್ಬರಕ್ಕೆ ಕಿವಿ ತೆತ್ತವರು ಯಾರು? ನಾವಲ್ಲವೆ!

ಯಶವಂತಪುರದ ಮಗ್ಗುಲಲ್ಲೇ, ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು ಶ್ರೀನಿವಾಸಪುರದ ಹಳ್ಳಿಗರ ನೆನಪುಶಕ್ತಿಯನ್ನು ಅಳೆಯುತ್ತಿದ್ದಾರೆ. ಸಂತೋಷ. ಆ ಅರಿವು ಕನ್ನಡದಲ್ಲಿ ಮಿಲ್ಲಿನ ಗೇಟಿಗೂ ಬರಲಿ. ರಕ್ತದೊತ್ತಡ, ಕಿವಿಯ ತಪಾಸಣೆ ಅಲ್ಲಿಯೇ, ಪುಕ್ಕಟೆಯಾಗಿ ನಡೆಯಲಿ. ಮಾತ್ರೆಯ ಮೇಲೆ ಕನ್ನಡ ಅಚ್ಚಾಗಲಿ.