ಕಬ್ಬಿನ ಎಥೆನಾಲ್, ಸವೆಯುವ ಕೊಳವೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಬೆಳೆಗಾರರಿಗೆ ಎಥೆನಾಲ್ ಎಂದರೆ ಕಬ್ಬಿನ ಬಿಲ್ ಬೇಗ ಕೈಸೇರುವ ಭರವಸೆ. ಆದರೆ ಅದೇ ಎಥೆನಾಲ್ ಶೇ 20ರಷ್ಟು ಬೆರೆತ ಪೆಟ್ರೋಲ್, ಅವರ ಹಳೆಯ ಬೈಕುಗಳ ರಬ್ಬರ್ ಕೊಳವೆಯನ್ನು ಸವೆಸಬಲ್ಲದು. ಈ ಪೆಟ್ರೋಲ್‌ಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು.

ಹಳೆಯ ಕೆಲವು ವಾಹನಗಳಲ್ಲಿ 20ರಿಂದ 30 ಸಾವಿರ ಕಿ.ಮೀ. ಓಡಿದ ಬಳಿಕ ರಬ್ಬರ್ ಭಾಗಗಳನ್ನು ಬದಲಿಸಬೇಕಾಗಬಹುದು, ವೆಚ್ಚ ಅಲ್ಪ ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿತು. ವೆಚ್ಚ ಅಲ್ಪವೇ ಇರಬಹುದು, ಅಪಾಯ ಅಲ್ಪವಲ್ಲ. ಬಿರುಕುಬಿಟ್ಟ ಕೊಳವೆಯಿಂದ ಸೋರಿದ ಪೆಟ್ರೋಲ್ ಕಾದ ಎಂಜಿನ್ ಮೇಲೆ ಬಿದ್ದರೆ ಬೆಂಕಿ ಹೊತ್ತಿಕೊಳ್ಳಬಹುದು. ಎಥೆನಾಲ್ ತಾಳದ ಅಗ್ಗದ ಕೊಳವೆ ಹಾಕಿಸಿದರೆ ಮತ್ತೆ ಅದೇ ಪಾಡು. ದುಬಾರಿ ಸ್ಪೋರ್ಟ್ಸ್ ಕಾರಿನ ಒಡೆಯನಿಗೆ ಇದು ಭಾರವಾಗದು. ಬೆಳೆಗಾರನ ಬೈಕಿನ ಈ ಖರ್ಚು ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ.