ಹಿರಿಯ ಆಟಗಾರರು ಕಲಿಸಿದರೆ ಸಾಲದು

ವಾರಾಣಸಿ: 2025ರ ಎಪ್ರಿಲ್‌ನಲ್ಲಿ ಭುವನೇಶ್ವರದ ಸೂಪರ್ ಕಪ್ ಪಂದ್ಯದಲ್ಲಿ ಇಂಟರ್ ಕಾಶಿ ತಂಡವು ಬೆಂಗಳೂರು ಎಫ್‌ಸಿಯನ್ನು ಪೆನಾಲ್ಟಿ ಒದೆತಗಳಲ್ಲಿ ಮಣಿಸಿತು. ಅನ್ನ ಕೊಟ್ಟ ಊರೋ, ಹೆತ್ತ ನಾಡೋ ಎಂದು ಕಾಶಿಯ ಕನ್ನಡಿಗರು ಅಂದು ಗೊಂದಲಕ್ಕೆ ಬಿದ್ದಿದ್ದರೆ ಅದು ಸಹಜವೇ. ಗೆದ್ದ ತಂಡ ಹುಟ್ಟಿದ್ದು 2023ರಲ್ಲಿ. ಸೋತ ತಂಡದ ಮುಖ್ಯ ಆಧಾರವಾದರೋ ನಲವತ್ತು ದಾಟಿದ ಸುನಿಲ್ ಛೆಟ್ರಿ.

ಹಿರಿಯ ಆಟಗಾರರು ಕಿರಿಯರಿಗೆ ಹೇಳಿಕೊಡುವುದಿಲ್ಲ ಎಂಬ ದೂರು ಫುಟ್ಬಾಲ್ ಪ್ರಿಯರಲ್ಲಿ ಹಳೆಯದು. ಛೆಟ್ರಿ ವಿಷಯದಲ್ಲಿ ಅದು ಸಲ್ಲದ ಮಾತು. ಆತ ಬೆಳೆದದ್ದೇ ಹಿರಿಯರೊಬ್ಬರ ಪಕ್ಕದಲ್ಲಿ. 2008ರ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್‌ನಲ್ಲಿ ತಜಿಕಿಸ್ತಾನದ ವಿರುದ್ಧ ಭಾರತ 4-1ರಿಂದ ಗೆದ್ದಾಗ ಮೂರು ಗೋಲು 24ರ ಛೆಟ್ರಿಯದು, ಒಂದು ಭೈಚುಂಗ್ ಭುಟಿಯಾರದು. ಹಿರಿಯನೂ ಆಡಿದರು, ಕಿರಿಯನಿಗೂ ಜಾಗವಿತ್ತು.

ಈಗಿನ ಲೆಕ್ಕ ಬೇರೆ. 2024ರ ಜೂನ್ 6ರಂದು ಕೋಲ್ಕತಾದಲ್ಲಿ ಅಂತಾರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದ ಛೆಟ್ರಿಯನ್ನು 2025ರ ಮಾರ್ಚ್‌ನಲ್ಲಿ ಮತ್ತೆ ಕರೆಸಲಾಯಿತು. ಮಾಲ್ದೀವ್ಸ್ ವಿರುದ್ಧ ಗೋಲನ್ನೂ ಹೊಡೆದರು. ಆದರೂ 2027ರ ಏಷ್ಯಾ ಕಪ್‌ಗೆ ಭಾರತ ಅರ್ಹತೆ ಪಡೆಯಲಿಲ್ಲ. ಆ ಋತುವಿನ ಐಎಸ್‌ಎಲ್‌ನಲ್ಲಿ 14 ಗೋಲು ಹೊಡೆದು ಭಾರತೀಯರ ಪೈಕಿ ಮೊದಲಿಗರಾದದ್ದೂ ಇದೇ ಹಿರಿಯ. ಹೆಮ್ಮೆ ಪಡಬೇಕೋ, ನಾಚಬೇಕೋ? ಕ್ಲಬ್ಬುಗಳು ಗೋಲು ಹೊಡೆಯುವ ಜಾಗಕ್ಕೆ ಹೆಚ್ಚಾಗಿ ವಿದೇಶಿಯರನ್ನೇ ನೆಚ್ಚಿವೆ. ಉಳಿದದ್ದರಲ್ಲಿ ಹುಡುಗರಿಗೆ ಸಿಗುವುದು ಕೊನೆಯ ಹತ್ತು ನಿಮಿಷ.

ಬ್ಯಾಂಕಿಗೆ ಹೊಸದಾಗಿ ಸೇರಿದ ಗುಮಾಸ್ತನಿಗೆ ನೋಟು ಎಣಿಸುವುದನ್ನು ತೋರಿಸಿಕೊಟ್ಟ ಮಾತ್ರಕ್ಕೆ ಅವನು ಕ್ಯಾಷಿಯರ್ ಆಗುವುದಿಲ್ಲ. ಕೌಂಟರಿನಲ್ಲಿ ಕೂರಿಸಬೇಕು, ಸಂಜೆ ಲೆಕ್ಕ ತಾಳೆಯಾಗದಿದ್ದರೆ ಹಿರಿಯ ಜತೆಗೆ ನಿಲ್ಲಬೇಕು. ನಮ್ಮ ಸಂಘಗಳಲ್ಲೂ ಇದೇ ಕತೆ ತಾನೇ? ಯುವಕರು ಬರುತ್ತಿಲ್ಲ ಎಂದು ಪ್ರತಿ ಮಹಾಸಭೆಯಲ್ಲಿ ಮರುಗುವವರು ಮೈಕನ್ನು ಮಾತ್ರ ಬಿಡುವುದಿಲ್ಲ!

ತಪ್ಪು ಛೆಟ್ರಿಯದಲ್ಲ, ಆಡಬಲ್ಲವನು ಆಡುತ್ತಾನೆ. ಯಾರನ್ನು ಎಷ್ಟು ಹೊತ್ತು ಮೈದಾನದಲ್ಲಿ ಬಿಡಬೇಕೆಂದು ತೀರ್ಮಾನಿಸುವ ಕೋಚ್ ಮತ್ತು ಕ್ಲಬ್ ಆಡಳಿತದವರೇ ಉತ್ತರ ಕೊಡಬೇಕು.

ಕಾಶಿಯ ಹುಡುಗರ ಪಾಡು ಇನ್ನೂ ವಿಚಿತ್ರ. ಇಂಟರ್ ಕಾಶಿಗೆ 2024-25ರ ಐ-ಲೀಗ್ ಪ್ರಶಸ್ತಿ 2025ರ ಜುಲೈನಲ್ಲಿ ಕ್ರೀಡಾ ನ್ಯಾಯಮಂಡಳಿಯ ತೀರ್ಪಿನಿಂದ ಒಲಿಯಿತು. ಆದರೆ ಆ ಋತುವಿನ ತವರು ಪಂದ್ಯಗಳು ನಡೆದದ್ದು ಬಂಗಾಳದ ಕಲ್ಯಾಣಿಯಲ್ಲಿ. ತಮ್ಮೂರಿನ ಹೆಸರು ಹೊತ್ತ ಹಿರಿಯ ಆಟಗಾರರನ್ನು ಇಲ್ಲಿನ ಹುಡುಗರು ನೋಡಿದ್ದು ಫೋನಿನ ಪರದೆಯ ಮೇಲೆ.