ಅದು ಡ್ರೆಸ್ಲರ್ ಚಿತ್ರ ಸ್ವಾಮಿ!

ಈ ವಾರ ಟಿವಿಯಲ್ಲಿ ಚಾಪ್ಲಿನ್ ಕುರಿತ ಕಾರ್ಯಕ್ರಮವೊಂದು ಬಂತು. ‘ಟಿಲ್ಲೀಸ್ ಪಂಕ್ಚರ್ಡ್ ರೊಮ್ಯಾನ್ಸ್’ ಚಿತ್ರದ ತುಣುಕು ತೋರಿಸಿದ ನಿರೂಪಕರು, ದಪ್ಪ ಹೆಂಗಸಿನ ಕೈಗೆ ಸಿಕ್ಕ ಚಾಪ್ಲಿನ್ ಫಜೀತಿ ನೋಡಿ ಎಂದು ನಕ್ಕು ಮುಂದೆ ಹೋದರು. ನನಗೆ ಮೈ ಉರಿಯಿತು. ಆ ಹೆಂಗಸಿಗೆ ಹೆಸರಿಲ್ಲವೇ?

ಮೇರಿ ಡ್ರೆಸ್ಲರ್. ಹುಟ್ಟಿದ್ದು 1868ರಲ್ಲಿ, ಕೆನಡಾದ ಕೋಬರ್ಗ್‌ನಲ್ಲಿ. ಹದಿಹರೆಯದಲ್ಲೇ ಮನೆ ಬಿಟ್ಟು ನಾಟಕ ಕಂಪನಿ ಸೇರಿದವರು. ಹಾಡು, ಕುಣಿತ, ನಗೆಪ್ರಸಂಗ ಎಲ್ಲವನ್ನೂ ಒಂದೇ ಟಿಕೆಟ್ಟಿಗೆ ಕೊಡುತ್ತಿದ್ದ ಅಮೆರಿಕದ ವಾಡೆವಿಲ್ ರಂಗದಲ್ಲಿ ಪಳಗಿದವರು. 1910ರಲ್ಲಿ ‘ಟಿಲ್ಲೀಸ್ ನೈಟ್‌ಮೇರ್’ ನಾಟಕ ಬ್ರಾಡ್‌ವೇಯಲ್ಲಿ ಗೆದ್ದದ್ದು ಅವರಿಂದ. ಆ ಹೆಸರಿನ ಬಲ ನೋಡಿಯೇ ನಿರ್ದೇಶಕ ಮ್ಯಾಕ್ ಸೆನೆಟ್ 1914ರಲ್ಲಿ ಆರು ರೀಲಿನ ಈ ಹಾಸ್ಯಚಿತ್ರಕ್ಕೆ ಕೈಹಾಕಿದ್ದು. ಚಾಪ್ಲಿನ್ ಸಿನಿಮಾಕ್ಕೆ ಬಂದದ್ದೇ ಆ ವರ್ಷ. ಇಲ್ಲಿ ಅವರು ಹಣದಾಸೆಗೆ ಡ್ರೆಸ್ಲರ್ ಆಡಿದ ಟಿಲ್ಲಿಯನ್ನು ವಂಚಿಸುವ ಖದೀಮ. ಚಿತ್ರದ ಮಹಾರಾಣಿ ಡ್ರೆಸ್ಲರ್.

ನಗಿಸುವ ಹೆಂಗಸರ ಮಾತು ಬಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಗಂಡಸು ಎಡವಿ ಬಿದ್ದರೆ ಅದನ್ನು ಕಲೆ ಅನ್ನುತ್ತೇವೆ, ಹೆಂಗಸು ಬಿದ್ದರೆ ಅವಳ ತೂಕ ನೋಡುತ್ತೇವೆ. 1933ರ ‘ಡಿನ್ನರ್ ಅಟ್ ಏಟ್’ ಚಿತ್ರದ ಕೊನೆಯಲ್ಲಿ, ನಟಿ ಜೀನ್ ಹಾರ್ಲೊ ತಾನೊಂದು ಪುಸ್ತಕ ಓದಿದೆ ಅಂದಾಗ ಪಕ್ಕದಲ್ಲಿ ನಡೆಯುತ್ತಿದ್ದ ಡ್ರೆಸ್ಲರ್ ಗಕ್ಕನೆ ನಿಲ್ಲುತ್ತಾರೆ. ಇಡೀ ದೇಹ ಬೆಚ್ಚಿ, ಮುಗ್ಗರಿಸುವಂತಾಗಿ, ಮತ್ತೆ ಸಾವರಿಸಿಕೊಳ್ಳುತ್ತದೆ. ನಗು ಬರುವುದು ಆ ಲೆಕ್ಕಾಚಾರದ ನಿಲುಗಡೆಯಿಂದ. ಐವತ್ತು ವರ್ಷ ರಂಗದ ಮೇಲೆ ಮೈ ದಣಿಸಿದವರಿಗೆ ಮಾತ್ರ ಬರುವ ವಿದ್ಯೆ ಅದು.

ಅವರ ಮೇಲೆ ನನಗೆ ಗೌರವ ಹುಟ್ಟಿಸಿದ್ದು ಇನ್ನೊಂದು ಸಂಗತಿ. ಆಗ ನಾಟಕಗಳಲ್ಲಿ ಗುಂಪಾಗಿ ಹಾಡಿ ಕುಣಿಯುತ್ತಿದ್ದ ಕೋರಸ್ ಹುಡುಗಿಯರು ವಾರಗಟ್ಟಲೆ ಪಗಾರವಿಲ್ಲದೆ ತಾಲೀಮು ಮಾಡಬೇಕಿತ್ತು, ಬೂಟು, ಕಾಲುಚೀಲಕ್ಕೂ ಕೈಯಿಂದಲೇ ದುಡ್ಡು ಹಾಕಬೇಕಿತ್ತು. 1919ರಲ್ಲಿ ನ್ಯೂಯಾರ್ಕಿನ ನಟರು ಮುಷ್ಕರ ಹೂಡಿದಾಗ ಆ ಹುಡುಗಿಯರ ಸಂಘಕ್ಕೆ ಮೊದಲ ಅಧ್ಯಕ್ಷೆಯಾಗಿ ನಿಂತವರು ಡ್ರೆಸ್ಲರ್. ಮುಷ್ಕರ ಗೆದ್ದಿತು. ಇವರ ಕೆಲಸ ಮಾತ್ರ ಮುಂದಿನ ವರ್ಷಗಳಲ್ಲಿ ಬತ್ತಿಹೋಯಿತು.

ಮತ್ತೆ ದಾರಿ ತೆರೆದವರು ಚಿತ್ರಕಥೆಗಾರ್ತಿ ಫ್ರಾನ್ಸಸ್ ಮೇರಿಯನ್. 1930ರ ‘ಮಿನ್ ಅಂಡ್ ಬಿಲ್’ಗೆ ಅತ್ಯುತ್ತಮ ನಟಿ ಆಸ್ಕರ್ ಬಂತು. 1932 ಮತ್ತು 33ರಲ್ಲಿ ಅಮೆರಿಕದ ಚಿತ್ರಮಂದಿರ ಮಾಲೀಕರು ಗಲ್ಲಾಪೆಟ್ಟಿಗೆ ತುಂಬಿಸುವ ತಾರೆಯರ ಸಾಲಿನಲ್ಲಿ ಮೊದಲ ಸ್ಥಾನ ಕೊಟ್ಟದ್ದು ಅರವತ್ತು ದಾಟಿದ ಈ ಹೆಂಗಸಿಗೆ. ಗ್ರೇಟಾ ಗಾರ್ಬೊ ಕೂಡ ಅವರ ಹಿಂದೆ! 1934ರಲ್ಲಿ ಕ್ಯಾನ್ಸರ್ ಅವರನ್ನು ಕೊಂಡೊಯ್ದಿತು.

ಟಿವಿಯವರು ಆ ತುಣುಕಿನ ಕೆಳಗೆ ‘ಟ್ರ್ಯಾಂಪ್ ಪಾತ್ರದಲ್ಲಿ ಚಾಪ್ಲಿನ್’ ಎಂದು ಬೇರೆ ಬರೆದಿದ್ದರು. ಚಾಪ್ಲಿನ್ನರ ಆ ಹೆಸರಾಂತ ಅಲೆಮಾರಿ ಟ್ರ್ಯಾಂಪ್ ಇಡೀ ಚಿತ್ರದಲ್ಲಿ ಇಲ್ಲವೇ ಇಲ್ಲ. ಅಂದಮೇಲೆ ಇವರು ಡ್ರೆಸ್ಲರ್ ಅವರನ್ನಷ್ಟೇ ಅಲ್ಲ, ಚಾಪ್ಲಿನ್ನರನ್ನೂ ನೋಡಿದವರಲ್ಲ.